ಊರಲ್ಲಿ ಕೆರೆ ಕೋಡಿ ಬಿತ್ತು, ಅಕ್ಕನ ಮನೆಗೆ ನೀರು ಬಂತು

2022ರ ಸೆಪ್ಟೆಂಬರ್ 5, ಸೋಮವಾರ. ಜರ್ನಲಿಸಂ ಮುಗಿಸಿ ಬೆಂಗಳೂರಿನಲ್ಲಿ ಟ್ರೈನಿ ಆಗಿದ್ದೆ. ಬೆಳಿಗ್ಗೆಯೇ ಆಫೀಸಿನಿಂದ ಫೋನು. ‘ಯಮಲೂರು ಕಡೆ ಹೋಗು. ಸಾಫ್ಟ್‌ವೇರ್‌ನೋರು ಟ್ರ್ಯಾಕ್ಟರ್ ಹತ್ಕೊಂಡು ಡ್ಯೂಟಿಗೆ ಹೋಗ್ತಿದಾರಂತೆ, ವಿಡಿಯೊ ಮಾಡ್ಕೊಂಡು ಬಾ.’

ಹೋದೆ. ಮೊಣಕಾಲು ಮುಳುಗೋ ನೀರು. ಟ್ರೈಲರ್ ತುಂಬ ಲ್ಯಾಪ್‌ಟಾಪ್ ಬ್ಯಾಗ್ ಎದೆಗವಚಿಕೊಂಡ ಜನ. ನಮ್ಮೂರಲ್ಲಿ ಜಾತ್ರೆಗೋ ಮದುವೆ ದಿಬ್ಬಣಕ್ಕೋ ಹಂಗೆ ಹೋಗ್ತೀವಲ್ಲ, ಹಂಗೇ. ನೀವೂ ಆ ವಿಡಿಯೊಗಳನ್ನು ನೋಡಿರ್ತೀರಿ. ನನ್ನ ವಿಡಿಯೊ ಕೂಡ ಚೆನ್ನಾಗಿ ಓಡಿತು, ಆಫೀಸಲ್ಲಿ ಭೇಷ್ ಅಂದರು.

ಆದರೆ ನಾನು ನಿಂತಿದ್ದ ಜಾಗದಿಂದ ಎರಡು ಕಿಲೋಮೀಟರ್ ಆಚೆ ರಾಜಕಾಲುವೆ ಪಕ್ಕ ನಮ್ಮಕ್ಕನ ಮನೆ. ಅವಳ ಫೋನ್ ಸ್ವಿಚ್ ಆಫ್ ಬರ್ತಿತ್ತು. ಚಾರ್ಜ್ ಇರಲಿಕ್ಕಿಲ್ಲ ಅಂದುಕೊಂಡೆ. ಮೊದಲು ವಿಡಿಯೊ ಕಳಿಸಿ, ಆಮೇಲೆ ಅಕ್ಕನ ಕಡೆ ಹೊರಟೆ. ಇದನ್ನ ಬರೆಯೋಕೆ ಈಗಲೂ ಒಂಥರಾ ಆಗುತ್ತೆ.

ನಮ್ಮದು ಹಿರಿಯೂರು ತಾಲ್ಲೂಕು. ಅಕ್ಕನನ್ನು ಕೊಟ್ಟಿದ್ದು ಹೊಳಲ್ಕೆರೆ ಕಡೆ. ಭಾವನಿಗೆ ಎರಡು ಎಕರೆ ಅಡಿಕೆ ಇತ್ತು. ಬರದ ವರ್ಷಗಳಲ್ಲಿ ಮೂರು ಬೋರ್ ಕೊರೆಸಿದರು, ಮೂರೂ ಫೇಲು. ತೋಟ ನಿಂತಲ್ಲೇ ಒಣಗಿತು, ಸಾಲ ಉಳಿಯಿತು. 2017ರಲ್ಲಿ ಇಬ್ಬರು ಮಕ್ಕಳನ್ನು ಕರ್ಕೊಂಡು ಬೆಂಗಳೂರಿಗೆ ಬಂದರು. ಭಾವ ದೊಡ್ಡ ಲೇಔಟ್ ಒಂದರಲ್ಲಿ ಗಾರ್ಡನ್ ಕೆಲಸ, ಅಕ್ಕ ಅಲ್ಲೇ ನಾಲ್ಕು ಮನೆಗಳಲ್ಲಿ ಕಸ ಮುಸುರೆ. ತಗಡಿನ ಶೆಡ್ಡಿಗೆ ತಿಂಗಳಿಗೆ ನಾಲ್ಕು ಸಾವಿರ ಬಾಡಿಗೆ. ಕರಾರು ಇಲ್ಲ, ರಸೀದಿ ಇಲ್ಲ.

ನೀರಿಲ್ಲ ಅಂತ ಊರು ಬಿಟ್ಟವರ ಮನೆಗೆ ಆ ರಾತ್ರಿ ನೀರು ಹುಡುಕಿಕೊಂಡು ಬಂತು. ಆವತ್ತು ಬೆಳಿಗ್ಗೆವರೆಗೆ 24 ಗಂಟೆಯಲ್ಲಿ ಬೆಂಗಳೂರಲ್ಲಿ ಬಿದ್ದ ಮಳೆ 131.6 ಮಿಲಿಮೀಟರ್. ನಮ್ಮ ಹಿರಿಯೂರು, ಚಳ್ಳಕೆರೆ ಕಡೆ ವರ್ಷಪೂರ್ತಿ ಬಿದ್ದರೂ ಸುಮಾರು 500–600. ಅಂದರೆ ನಮ್ಮ ವರ್ಷದ ಮಳೆಯ ಹೆಚ್ಚುಕಡಿಮೆ ಕಾಲುಭಾಗ ಒಂದೇ ದಿನಕ್ಕೆ. ಕೆರೆಗಳು ತುಂಬಿದ್ದವು, ಕಾಲುವೆಗಳ ಮೇಲೆ ಕಟ್ಟಡಗಳು ಎದ್ದಿದ್ದವು. ನೀರು ತಗ್ಗು ಕಂಡ ಕಡೆ ನುಗ್ಗಿತು. ತಗ್ಗಲ್ಲಿ ವಿಲ್ಲಾಗಳೂ ಇದ್ದವು, ತಗಡಿನ ಶೆಡ್ಡುಗಳೂ ಇದ್ದವು.

ಅಕ್ಕ ಹೇಳಿದ್ದು: ರಾತ್ರಿ ಒಂದು ಗಂಟೆಗೆ ಚಾಪೆ ತಣ್ಣಗಾಯ್ತಂತೆ. ಮಗು ಉಚ್ಚೆ ಹೊಯ್ಕೊಂಡಿದೆ ಅಂದ್ಕೊಂಡಳಂತೆ. ಕೈಯಿಟ್ಟರೆ ನೀರು. ಭಾವ ಮೊದಲು ಮಾಡಿದ ಕೆಲಸ ಮೇನ್ ಸ್ವಿಚ್ ಇಳಿಸಿದ್ದು. ತೋಟದ ಮೋಟಾರ್ ಪೆಟ್ಟಿಗೆ ಮುಂದೆ ಕಲಿತ ಬುದ್ಧಿ, ಆವತ್ತು ನಾಲ್ಕು ಜೀವ ಉಳಿಸಿತು. ಮಕ್ಕಳನ್ನು ಹೆಗಲ ಮೇಲೆ ಕೂರಿಸ್ಕೊಂಡು, ಪಕ್ಕದಲ್ಲಿ ಅರ್ಧ ಕಟ್ಟಿ ಬಿಟ್ಟಿದ್ದ ಬಿಲ್ಡಿಂಗಿನ ಮಹಡಿ ಹತ್ತಿದರು. ನಾನು ಹೋದಾಗ ಅಲ್ಲಿ ಹದಿನೈದು ಕುಟುಂಬ ಇದ್ದವು. ರಾಯಚೂರಿನೋರು, ಕಲಬುರಗಿಯೋರು, ಬಂಗಾಳದೋರು. ಒಂದೇ ಸ್ಟೌ ಮೇಲೆ ಸರದಿ ಪ್ರಕಾರ ಅನ್ನ ಆಗ್ತಿತ್ತು.

ಅಕ್ಕ ನನ್ನ ನೋಡಿ ಅಳಲಿಲ್ಲ. ‘ಊಟ ಮಾಡಿದ್ಯೇನೋ’ ಅಂದಳು.

ಅಷ್ಟರಲ್ಲಿ ನನ್ನ ಫೋನಿಗೆ ಅವ್ವ ಫೋನ್ ಮಾಡಿದಳು. ಅವ್ವನ ದನಿಯಲ್ಲಿ ಹಬ್ಬ. ಯಾಕೆ ಅಂತ ನಮ್ಮ ಜಿಲ್ಲೆಯೋರಿಗೆ ಹೇಳಬೇಕಿಲ್ಲ. ಅದೇ ವಾರ ಮಾರಿಕಣಿವೆ ಕೋಡಿ ಬಿದ್ದಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ 130 ಅಡಿ ತುಂಬಿದ್ದು 89 ವರ್ಷದ ಮೇಲೆ. ‘ನಮ್ಮಜ್ಜ ನೋಡಿದ್ನಂತೆ, ನಾನೂ ನೋಡಿದೆ ಕಣೋ! ಟ್ರ್ಯಾಕ್ಟರ್ ಮಾಡ್ಕೊಂಡು ಊರಿಗೂರೇ ಹೋಗಿದ್ವಿ. ಕಣಿವೆ ಮಾರಮ್ಮಂಗೆ ಕಾಯಿ ಒಡೆಸ್ದೆ. ಅಕ್ಕಂಗೆ ಕೊಡು, ಹೇಳ್ತೀನಿ.’

ಫೋನ್ ಕೊಟ್ಟೆ. ಅಕ್ಕ ಪೂರ್ತಿ ಕೇಳಿಸ್ಕೊಂಡಳು. ‘ಹೌದೇನವ್ವ, ಒಳ್ಳೇದಾಯ್ತು ಬಿಡು. ಇಲ್ಲಾ, ಇಲ್ಲೇನಿಲ್ಲ, ಒಂಚೂರು ಮಳೆ. ಚೆನ್ನಾಗಿದೀವಿ’ ಅಂದಳು. ಅವಳ ಸೀರೆ ಸೊಂಟದವರೆಗೂ ಒದ್ದೆ ಇತ್ತು.

ನಾಲ್ಕು ದಿನ ಆ ಮಹಡಿ ಮೇಲೇ ಇದ್ದರು. ಸುತ್ತ ನೀರು, ಕುಡಿಯೋಕೆ ಮಾತ್ರ ಇಲ್ಲ. ಮಂಡ್ಯ ಜಿಲ್ಲೆಯ ಟಿ.ಕೆ.ಹಳ್ಳಿಯ ಪಂಪ್‌ಹೌಸ್‌ಗೇ ನೀರು ನುಗ್ಗಿ ಬೆಂಗಳೂರಿಗೆ ಬರೋ ಕಾವೇರಿಯೂ ನಿಂತಿತ್ತು. ಅಕ್ಕ ಕೆಲಸ ಮಾಡೋ ಮನೆಯವರು ಹೋಟೆಲಿಗೆ ಹೋಗಿದ್ದರು. ಮನೆಯವರಿಲ್ಲ ಅಂದಮೇಲೆ ಕೆಲಸವಿಲ್ಲ, ಕೆಲಸವಿಲ್ಲದ ದಿನದ ಸಂಬಳವೂ ಇಲ್ಲ. ಆಮೇಲೆ ಕರೆ ಬಂತು, ಅವರ ಮನೆಯ ಕೆಸರು ತೊಳೆಯೋಕೆ. ಅವರದ್ದು ತೊಳೆದು ಬಂದು ಸಂಜೆ ತನ್ನ ಶೆಡ್ಡು ತೊಳೀತಿದ್ದಳು.

ಅಕ್ಕಿ, ಹಾಸಿಗೆ, ಮಗಳ ಪುಸ್ತಕ, ಎಲ್ಲ ಹೋಯ್ತು. ಆದರೆ ಭಾವ ಹುಡುಕಿದ್ದು ಒಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಪಹಣಿ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಮಕ್ಕಳ ಜನನ ಪತ್ರ. ಸಿಕ್ಕಿತು, ಆದರೆ ಮುದ್ದೆಯಾಗಿತ್ತು. ಒಂದೊಂದೇ ಹಾಳೆ ಬಿಡಿಸಿ ತಂತಿ ಮೇಲೆ ಒಣಗಹಾಕಿದರು. ಶಾಯಿ ಹರಿದು ಹೆಸರು ಓದೋಕಾಗ್ತಿರಲಿಲ್ಲ.

ಮನೆಗೆ ನೀರು ನುಗ್ಗಿದವರಿಗೆ 10,000 ರೂಪಾಯಿ ಪರಿಹಾರ ಅಂದರು. ಅರ್ಜಿ ಕೊಡೋಕೆ ಭಾವನ ಜೊತೆ ನಾನೂ ಹೋದೆ. ಬಾಡಿಗೆ ಕರಾರು ಕೇಳಿದರು, ಇಲ್ಲ. ಕರೆಂಟ್ ಬಿಲ್ ಕೇಳಿದರು, ಶೆಡ್ಡಿನ ಮಾಲೀಕನ ಹೆಸರಲ್ಲಿದೆ. ಆಧಾರ್ ನೋಡಿದರು, ಹೊಳಲ್ಕೆರೆ ವಿಳಾಸ. ‘ನೀವು ಇಲ್ಲಿ ಇದ್ರಿ ಅನ್ನೋದಕ್ಕೆ ಏನು ಸಾಕ್ಷಿ?’ ಭಾವ ತನ್ನ ಕೆಸರು ಕಾಲು ನೋಡ್ಕೊಂಡು ಸುಮ್ಮನಿದ್ದರು. ನನಗೆ ನನ್ನ ವಿಡಿಯೊ ನೆನಪಾಯ್ತು. ಲ್ಯಾಪ್‌ಟಾಪಿನವರು ಮುಳುಗಿದ್ದಕ್ಕೆ ನೂರಾರು ಸಾಕ್ಷಿ ಇತ್ತು, ಅದರಲ್ಲಿ ಒಂದು ನನ್ನದು. ಅಕ್ಕನ ಶೆಡ್ಡಿನ ಒಂದು ಫೋಟೊ ಕೂಡ ನಾನು ತೆಗೆದಿರಲಿಲ್ಲ. ದುಡ್ಡು ಬರಲೇ ಇಲ್ಲ.

ಊರಿಂದ ಮಾತ್ರ ಬಂತು. ವಿಷಯ ಗೊತ್ತಾಗಿ ಅವ್ವ ಒಂದು ರಾತ್ರಿ ಅತ್ತಳು, ಮಾರನೇ ದಿನ ಹಿರಿಯೂರಲ್ಲಿ ಬೆಂಗಳೂರು ಬಸ್ಸಿಗೆ ಎರಡು ಮೂಟೆ ಹಾಕಿಸಿದಳು: ರಾಗಿ ಹಿಟ್ಟು, ಕಡ್ಲೆ ಬೀಜ, ಖಾರದಪುಡಿ, ಎರಡು ಕಂಬಳಿ. ಮಹಡಿ ಮೇಲಿದ್ದವರಿಗೆಲ್ಲ ಆವತ್ತು ಮುದ್ದೆ. ಬಂಗಾಳದ ಹುಡುಗರು ಅಗಿಯೋಕೆ ಹೋಗಿ, ನುಂಗೋದು ಕಲಿತರು.

ನಿಮ್ಮ ಮನೆಯಿಂದಲೂ ಯಾರಾದರೂ ಬೆಂಗಳೂರಲ್ಲಿ ಇರ್ತಾರೆ. ಅವರಿಗೆ ಇಷ್ಟು ಹೇಳಿ. ಕಾಗದಪತ್ರಗಳ ಫೋಟೊ ತೆಗೆದು ಊರಲ್ಲಿರೋರ ಫೋನಿಗೂ ಕಳಿಸಿಡಲಿ. ಪಹಣಿ ಹಾಳಾದರೆ ಹೆದರೋದು ಬೇಡ, ನಾಡಕಚೇರಿಯಲ್ಲಿ ಮತ್ತೆ ಸಿಗುತ್ತೆ. ಊರಿನ ರೇಷನ್ ಕಾರ್ಡಿಗೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಕೊಟ್ಟು ಅಕ್ಕಿ ತಗೋಬಹುದು. ನಮ್ಮಕ್ಕನಿಗೆ ಐದು ವರ್ಷ ಇದು ಗೊತ್ತೇ ಇರಲಿಲ್ಲ. ಎಷ್ಟು ಸಣ್ಣ ಮನೆಯಾದರೂ ಬಾಡಿಗೆಗೆ ಒಂದು ಬರಹ ಕೇಳಲಿ. ನೀರು ಬಂದರೆ ಮೊದಲು ಮೇನ್ ಸ್ವಿಚ್ ಇಳಿಸಲಿ. ಮನೆ ತೊಳೆಯೋ ಮುಂಚೆ ನೀರು ಎಲ್ಲಿತನಕ ನಿಂತಿತ್ತು ಅಂತ ಫೋಟೊ ತೆಗೀಲಿ.

ಅಕ್ಕ ಊರಿಗೆ ವಾಪಸ್ ಬರಲಿಲ್ಲ. ಸಾಲ ಇನ್ನೂ ಇದೆ. ಈಗ ಬೇರೆ ಕಡೆ, ಒಂದನೇ ಮಹಡಿಯಲ್ಲಿ ಒಂದು ರೂಮು. ಬಾಡಿಗೆ ಎರಡು ಸಾವಿರ ಜಾಸ್ತಿ, ಅದಕ್ಕೆ ಇನ್ನೊಂದು ಮನೆ ಕೆಲಸ ಹಿಡಿದಿದ್ದಾಳೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ನಾನು ಆಗ ಊರಲ್ಲೇ ಇದ್ದೆ. ನೀರು ಧುಮುಕೋದನ್ನ ವಿಡಿಯೊ ಮಾಡಿ ಅಕ್ಕನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. ಖುಷಿಪಡ್ತಾಳೆ ಅಂದ್ಕೊಂಡೆ. ಅವಳು ಕೇಳಿದ್ದು ಬೇರೆ: ‘ಹೊಳೆ ದಂಡೇಲಿ ಮನೆ ಇರೋರು ಏನಾದ್ರೋ? ಹೊಸದುರ್ಗದ ಕಡೆ ಹಿನ್ನೀರಲ್ಲಿ ತೋಟ ಮುಳುಗ್ತವಲ್ಲ, ಅವರು? ಅಲ್ಲಿಗೂ ಹೋಗಿ ನೋಡ್ಕೊಂಡು ಬಾ.’

ಮಾರನೇ ದಿನ ಬೈಕ್ ತಗೊಂಡು ಹಿನ್ನೀರಿನ ಕಡೆ ಹೋದೆ.