ವಿಲಂಬಿತ ಲಯದ ಒಂದು ಕಥೆ

ಕಲೆಯನ್ನು ಪ್ರೀತಿಸುವವರೆಲ್ಲರಿಗೂ ಕಲೆ ಒಲಿಯುವುದಿಲ್ಲ. ಮಾತು ಕಹಿಯಾದರೂ ಸತ್ಯ. ಮಕ್ಕಳು ಸಂಗೀತ ಕಲಿಯುತ್ತಿರುವ ಮನೆಗಳಲ್ಲಿ ಎಂದಾದರೊಂದು ದಿನ ಈ ಸತ್ಯವು ಎದುರಾಗುತ್ತದೆ. ಆಗ ತಂದೆತಾಯಿಗಳಾದವರು ಏನು ಹೇಳಬೇಕು? ಈ ಪ್ರಶ್ನೆಯನ್ನು ನಮ್ಮ ಮುಂದಿರಿಸಿದುದು ದೂರದ ಕೊರಿಯಾ ದೇಶದ ಒಂದು ಧಾರಾವಾಹಿ.

ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ದಂಪತಿಗಳಾದ ನಾವಿಬ್ಬರೂ ಕಿರಿಯ ಮಗಳೊಡನೆ ಕುಳಿತು, ರಾತ್ರಿಯ ಊಟವಾದ ಮೇಲೆ ದಿನಕ್ಕೊಂದು ಕಂತಿನಂತೆ ಅದನ್ನು ನೋಡಿದೆವು. 'ಬ್ರಾಮ್ಸ್ ನಿಮಗೆ ಇಷ್ಟವೇ?' ಎಂಬುದು ಅದರ ಹೆಸರಿನ ಅರ್ಥ. 2020ರಲ್ಲಿ ಅಲ್ಲಿನ ಎಸ್‌ಬಿಎಸ್ ವಾಹಿನಿಯಲ್ಲಿ 16 ಕಂತುಗಳಾಗಿ ಪ್ರಸಾರವಾದ ಕಥೆ ಅದು. "ಬ್ರಹ್ಮಪುರದವರಿಗೆ ಬ್ರಾಮ್ಸ್ ಇಷ್ಟ ಆಗದೆ ಇರ್ತಾನೇನು?" ಎಂದು ಮಗಳು ನಗೆಯಾಡಿದಳು.

ಮೊದಮೊದಲು ನಮಗೆ ಅದು ತೀರ ನಿಧಾನವೆನಿಸಿತು. ಇಬ್ಬರು ಮಾತಿಲ್ಲದೆ ದಾರಿ ನಡೆಯುತ್ತಾರೆ. ಹೇಳಬೇಕಾದ ಒಂದು ಮಾತಿಗೆ ನಾಲ್ಕು ಕಂತು ಕಾಯಿಸುತ್ತಾರೆ. ಆದರೆ ಕಿರಾಣಾ ಘರಾಣೆಯ ಗಾಯಕರು ಬಡಾ ಖ್ಯಾಲಿನಲ್ಲಿ ಷಡ್ಜದಿಂದ ಮೊದಲುಗೊಂಡು ಒಂದೊಂದೇ ಸ್ವರವನ್ನು ತೆರೆಯುತ್ತ ಹೋಗುವುದನ್ನು ಕೇಳಿ ಬೆಳೆದ ಕಿವಿಗೆ ಈ ವಿಲಂಬಿತವು ಬೇಗನೆ ಒಗ್ಗಿಹೋಯಿತು.

ಕಥೆಯ ನಾಯಕಿ ಚೇ ಸಾಂಗ್-ಆ ವಾಣಿಜ್ಯಾಡಳಿತದ ಪದವಿ ಮುಗಿಸಿ, ವಯಲಿನ್ ಮೇಲಣ ಪ್ರೀತಿಯಿಂದ ಮತ್ತೆ ಸಂಗೀತ ಕಾಲೇಜು ಸೇರಿದವಳು. ವಾದ್ಯವೃಂದದಲ್ಲಿ ಅಂಕಗಳಿಗೆ ತಕ್ಕಂತೆ ಆಸನ. ಅವಳದು ಕೊನೆಯ ಸಾಲು. ನಾಯಕ ಪಾರ್ಕ್ ಜೂನ್-ಯಂಗ್ ಹೆಸರಾಂತ ಪಿಯಾನೋ ವಾದಕ. ಅವನಿಗೆ ಕಲೆ ಒಲಿದಿದೆ, ಆದರೆ ಮನೆಯ ಸಾಲದ ಹೊರೆಯಲ್ಲಿ ನುಡಿಸುವ ಸಂತೋಷ ಬತ್ತಿದೆ. ಇಬ್ಬರ ಮನಸ್ಸಿನಲ್ಲಿಯೂ ಹೇಳಲಾಗದೆ ಉಳಿದ ಹಳೆಯ ಪ್ರೀತಿಯೊಂದಿದೆ. ಬ್ರಾಮ್ಸ್ ಹೆಸರು ಬಂದುದು ಅದಕ್ಕಾಗಿಯೇ. ಈ ಜರ್ಮನ್ ಸಂಗೀತಕಾರ 1853ರಲ್ಲಿ ತನ್ನ 20ನೆಯ ವಯಸ್ಸಿನಲ್ಲಿ ರಾಬರ್ಟ್ ಶೂಮನ್, ಕ್ಲಾರಾ ದಂಪತಿಗಳನ್ನು ಕಂಡ. 1856ರಲ್ಲಿ ರಾಬರ್ಟ್ ತೀರಿಕೊಂಡರು. ಬ್ರಾಮ್ಸ್ ಮದುವೆಯಾಗದೆ, ಕೊನೆಯವರೆಗೂ ಕ್ಲಾರಾಳ ಸ್ನೇಹಿತನಾಗಿ ಉಳಿದ. 1896ರಲ್ಲಿ ಆಕೆ ಹೋದಳು. ಮರುವರ್ಷ ಆತನೂ ಹೋದ.

ಸಂಗೀತಗಾರರ ಕಥೆ ನಮ್ಮ ಕನ್ನಡಕ್ಕೆ ಹೊಸತೇನಲ್ಲ. ಅ.ನ.ಕೃ. ಅವರ ಕಾದಂಬರಿಯಿಂದ 1966ರಲ್ಲಿ 'ಸಂಧ್ಯಾರಾಗ' ಚಿತ್ರ ಬಂದಿತು. ಪಂಡಿತ ಭೀಮಸೇನ ಜೋಶಿಯವರು ಅದರಲ್ಲಿ ಹಾಡಿದರು. ತ.ರಾ.ಸು. ಅವರ 'ಹಂಸಗೀತೆ'ಯನ್ನು ಜಿ.ವಿ. ಅಯ್ಯರ್ 1975ರಲ್ಲಿ ತೆರೆಗೆ ತಂದರು. ಅವೆಲ್ಲ ನಾದದೇವತೆ ಒಲಿದ ಮಹಾನುಭಾವರ ಕಥೆಗಳು. ಕೊನೆಯ ಸಾಲಿನಲ್ಲಿ ಕುಳಿತವಳ ಕಥೆಯನ್ನು ಹೇಳಿದುದೇ ಈ ಧಾರಾವಾಹಿಯ ವಿಶೇಷ. ಅಂತ್ಯದಲ್ಲಿ ಸಾಂಗ್-ಆ ವಾದಕಿಯಾಗುವ ಹಂಬಲವನ್ನು ಬಿಡುತ್ತಾಳೆ. ಸಂಗೀತಗಾರರಿಗೆ ನೆರವಾಗುವ ಸಂಸ್ಥೆಯೊಂದರ ಕೆಲಸಕ್ಕೆ ಸೇರುತ್ತಾಳೆ. ಅದನ್ನು ಸೋಲೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ.

ಕೊನೆಯ ಕಂತು ಮುಗಿದ ರಾತ್ರಿ ಮಗಳು ಬಹಳ ಹೊತ್ತು ಸುಮ್ಮನಿದ್ದು, ಬಳಿಕ ನುಡಿದಳು: "ಅಪ್ಪಾ, ಅವ್ವಾ, ನಾ ಹಾಡೋದು ಬಿಡಲ್ಲ. ಹಾಡುಗಾರ್ತಿ ಆಗಬೇಕನ್ನೋದು ಬಿಟ್ಟೀನಿ." ಹನ್ನೆರಡು ವರ್ಷ ಹಿಂದುಸ್ತಾನಿ ಗಾಯನ ಕಲಿತ ಮಗಳು, ಅವಳಿಗಾಗಿ ಮಿರಜದಿಂದ ತರಿಸಿದ ತಂಬೂರಿ ಮೂಲೆಯಲ್ಲಿತ್ತು. ಅವಳ ತಾಯಿಯ ಕಣ್ಣು ತೇವವಾಯಿತು. ಸುದ್ದಿ ತಿಳಿದ ಬಂಧುಗಳು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತಾಯಿತೆಂದು ಆಡಿಕೊಂಡರು.

ಆ ಮಾತನ್ನು ನಾವು ಒಪ್ಪಲಿಲ್ಲ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892-1944) ತಾವು ಅಂಧರಾಗಿದ್ದೂ, ಅಂಧ ಹಾಗೂ ಬಡ ಮಕ್ಕಳಿಗೆ ಅನ್ನವಿಕ್ಕಿ ಸಂಗೀತ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕಾಯಕವನ್ನು ನಡೆಸಿದರು. ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಆಶ್ರಮದಲ್ಲಿ ಕಲಿತವರೆಲ್ಲರೂ ರಾಜಗುರುಗಳಾಗಲಿಲ್ಲ. ಶ್ರಾವಣದಲ್ಲಿ ನಮ್ಮ ಹಳ್ಳಿಗಳಲ್ಲಿ ಪುರಾಣ ಹಚ್ಚಿದಾಗ ಹಾರ್ಮೋನಿಯಂ, ತಬಲಾ ಹಿಡಿದು ಬರುವ ಗವಾಯಿಗಳನ್ನು ನೆನೆಯಿರಿ. ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಆದರೂ ಅವರು ಹಾಡಿದುದರಿಂದಲೇ ಹಳ್ಳಿಯ ಜನಕ್ಕೆ ರಾಗದ ರುಚಿ ಹತ್ತಿತು. ದೊಡ್ಡ ಗಾಯಕರಿಗೆ ಕೇಳುವ ಕಿವಿಗಳು ದೊರೆತುದೂ ಹಾಗೆಯೇ.

ಮಗಳಿಗೆ ನಾವು ಹೇಳಿದುದಿಷ್ಟೆ: "ತಂಬೂರಿ ಇಲ್ಲೇ ಇರಲಿ, ಮಗಳೇ." ಈಗ ಅವಳು ಕೆಲಸದಿಂದ ಬಂದು, ಮುಖ ತೊಳೆದು, ಮನಸ್ಸಾದ ದಿನ ಅದರ ಮುಂದೆ ಕೂರುತ್ತಾಳೆ. ಪರೀಕ್ಷೆಯ ಭಯವಾಗಲಿ ಸ್ಪರ್ಧೆಯ ಚಿಂತೆಯಾಗಲಿ ಅವಳಿಗಿಲ್ಲ. ಅವಳ ದನಿ ಮೊದಲಿಗಿಂತ ಹಗುರಾಗಿ ಕೇಳುತ್ತಿದೆ.

ತಾಯಂದಿರೇ, ತಂದೆಗಳೇ, ಮಕ್ಕಳನ್ನು ಸಂಗೀತಕ್ಕೆ ಹಚ್ಚಿರಿ. ಎಷ್ಟು ಬಹುಮಾನ ತಂದರೆಂದು ಎಣಿಸುವ ಅವಸರ ಮಾತ್ರ ಬೇಡ. ಅವರು ಗಾಯಕರಾದರೆ ಸಂತೋಷ. ಕೇಳಬಲ್ಲ ಕಿವಿಯುಳ್ಳವರಾದರೂ ಕಲಿಕೆ ಸಾರ್ಥಕ.