ಖಾಲಿ ಮೂಲೆಯನ್ನು ನೋಡುವ ಕ್ಯಾಮೆರಾ

ಥ್ರಿಲ್ಲರ್ ಸಿನಿಮಾದ ಗುರುತುಗಳು ನಮಗೆಲ್ಲ ಗೊತ್ತು. ಮಂದ ಬೆಳಕು, ಮಳೆಯಲ್ಲಿ ನೆನೆದ ರಸ್ತೆ, ಅರ್ಧ ತೆರೆದ ಬಾಗಿಲು, ಯಾರೂ ಎತ್ತದ ಫೋನು. 1989ರಲ್ಲಿ ಸುನೀಲ್ ಕುಮಾರ್ ದೇಸಾಯಿ ಶಂಕರ್‌ನಾಗ್ ಅವರನ್ನಿಟ್ಟುಕೊಂಡು ‘ತರ್ಕ’ ಮಾಡಿದಾಗ ಹಾಡುಗಳನ್ನೇ ಕೈಬಿಟ್ಟರು. ನಡುವೆ ಒಂದು ಹಾಡು ಬಂದಿದ್ದರೂ ಹಿಡಿದಿಟ್ಟ ಉಸಿರು ಸಡಿಲವಾಗುತ್ತಿತ್ತು.

ಮೆಲ್ಬರ್ನ್‌ನಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋದಾಗ ಅವಳು ನಮಗೆ 2020ರ ‘ದಿ ಇನ್‌ವಿಸಿಬಲ್ ಮ್ಯಾನ್’ ಹಾಕಿ ತೋರಿಸಿದಳು. ನಿರ್ದೇಶಕ ಲೀ ವಾನೆಲ್ ಅದೇ ಊರಿನವರು. ಅಲ್ಲಿನ ಆರ್‌ಎಂಐಟಿಯಲ್ಲಿ ಓದುವಾಗ ಪರಿಚಯವಾದ ಜೇಮ್ಸ್ ವಾನ್ ಜೊತೆ ಸೇರಿ 2004ರ ‘ಸಾ’ ಚಿತ್ರದ ಕಥೆ ಹೆಣೆದವರು. ಈ ಚಿತ್ರದ ಕಥೆ ಸ್ಯಾನ್ ಫ್ರಾನ್ಸಿಸ್ಕೋದ್ದು, ಚಿತ್ರೀಕರಣ ನಡೆದದ್ದು ಸಿಡ್ನಿಯಲ್ಲಿ. ಮರುವಾರ ಸಿಡ್ನಿಯ ಬಿಸಿಲಿನಲ್ಲಿ ಓಡಾಡುವಾಗ, ಇಷ್ಟು ಬೆಳಕಿನ ಊರಲ್ಲಿ ಅಷ್ಟು ಭಯವನ್ನು ಹೇಗೆ ಸೆರೆಹಿಡಿದರಪ್ಪಾ ಎಂದು ಅಚ್ಚರಿಯಾಯಿತು.

ಹಿಂಸೆ ಕೊಡುತ್ತಿದ್ದ ಸಂಗಾತಿಯಿಂದ ತಪ್ಪಿಸಿಕೊಂಡು ಬಂದ ಹೆಣ್ಣಿನ ಕಥೆ ಅದು. ಅವಳು ಕೋಣೆಯಲ್ಲಿ ಒಬ್ಬಳೇ ಇರುವಾಗ ಕ್ಯಾಮೆರಾ ಅವಳನ್ನು ಬಿಟ್ಟು ಮೆಲ್ಲಗೆ ಖಾಲಿ ಮೂಲೆಯತ್ತ ತಿರುಗುತ್ತದೆ. ಅಲ್ಲಿ ಏನೂ ಕಾಣುವುದಿಲ್ಲ. ಆದರೂ ನಾವು ಕಣ್ಣು ಕೀಳುವುದಿಲ್ಲ. ಮೇಜಿನ ಕೆಳಗೆ ಬಾಂಬ್ ಇರುವುದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದರೆ ಸಾದಾ ಮಾತುಕತೆಯೂ ಎದೆ ನಡುಗಿಸುತ್ತದೆ ಎನ್ನುತ್ತಿದ್ದರು ಹಿಚ್‌ಕಾಕ್. ಇಲ್ಲಿಯೂ ಅಷ್ಟೇ. ಅವಳ ಮಾತನ್ನು ಸುತ್ತಲಿನವರು ನಂಬುವುದಿಲ್ಲ. ಕ್ಯಾಮೆರಾ ನಂಬುತ್ತದೆ, ಅದರೊಂದಿಗೆ ನಾವೂ.

ನಾವು ದುಬೈಗೆ ಮರಳಿದ ಕೆಲವು ತಿಂಗಳ ಮೇಲೆ ಮಗಳು ಫೋನ್ ಮಾಡಿದಳು. ಟ್ರಾಮ್ ಇಳಿದಲ್ಲಿಂದ ಒಬ್ಬ ಮೂರು ಸಂಜೆ ಹಿಂದೆಯೇ ಬಂದನಂತೆ. “ಸಿನಿಮಾ ಜಾಸ್ತಿ ನೋಡ್ತಾಳೆ” ಎಂದು ನೆಂಟರೊಬ್ಬರು ನಕ್ಕರು. ನಾನೂ ನನ್ನ ಹೆಂಡತಿಯೂ ನಗಲಿಲ್ಲ. ಯಾವ ನಿಲ್ದಾಣ, ಎಷ್ಟು ಗಂಟೆ, ಜೊತೆಗೆ ಯಾರು ಬರಬಲ್ಲರು ಎಂದು ಕೇಳಿದೆವು. ಆಮೇಲೆ ಗೆಳತಿಯರಿಬ್ಬರು ಅವಳೊಂದಿಗೆ ಬರತೊಡಗಿದರು. ಅವಳು ವಿಶ್ವವಿದ್ಯಾಲಯಕ್ಕೂ ತಿಳಿಸಿದಳು. ಆ ಮನುಷ್ಯ ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಆದರೆ “ನೀವು ನಂಬಿದ್ರಲ್ಲ, ಅಷ್ಟು ಸಾಕಾಯ್ತು ಅಪ್ಪ” ಎಂದಳು.

ಗಲ್ಫ್‌ನ ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಈಗ ಹೀಗೆ ದೂರದೂರದಲ್ಲಿದ್ದಾರೆ. ಅವರ ಬೀದಿ ನಮಗೆ ಕಾಣುವುದಿಲ್ಲ, ದನಿಯಷ್ಟೇ ಕೇಳುತ್ತದೆ. ಆ ದನಿ ನಡುಗಿದರೆ, ಸಾಕ್ಷಿ ಕೇಳುವ ಮೊದಲು ಅದು ತೋರಿಸುವ ಕತ್ತಲ ಮೂಲೆಯ ಕಡೆಗೊಮ್ಮೆ ತಿರುಗಿ ನೋಡೋಣ.