ಬಾ ಅಂದರೆ ಬರಬೇಕಲ್ಲ!

ನಮ್ಮ ಮನೆಯ ಮಲ್ಲಿ ಮುಧೋಳ ತಳಿಯವಳು. ಉದ್ದ ಕಾಲು, ಸಣ್ಣ ನಡು, ಯಾರಿಗೂ ಸೊಪ್ಪು ಹಾಕದ ನೋಟ. ಬಾಗಲಕೋಟೆ ಕಡೆಯ ಹೊಲಗಳಲ್ಲಿ ಮೊಲದ ಬೆನ್ನು ಹತ್ತುತ್ತಿದ್ದ ಬೇಟೆನಾಯಿಗಳ ವಂಶ. ಕಣ್ಣಿಗೆ ಬಿದ್ದದ್ದರ ಹಿಂದೆ ಮೊದಲು ಓಟ; ಕಿವಿಗೆ ಬಿದ್ದದ್ದರ ವಿಚಾರಣೆ ಆಮೇಲೆ. ಇಂಥವಳಿಗೆ ಪಾಠ ಹೇಳುವುದು ನನ್ನ ಸಂಜೆಯ ಚಟ.

ಪಾಠಕ್ಕೆ ಬೇಕಾದದ್ದು ಉಪ್ಪು, ಖಾರ, ಈರುಳ್ಳಿ ಸೋಕದೆ ಬೆಂದ ಕೋಳಿ, ಕಡಲೆಕಾಳಿನಷ್ಟು ಚೂರು. ದೊಡ್ಡ ತುಂಡು ಕೊಟ್ಟರೆ ಅಗಿಯುತ್ತಾ ಪಾಠ ಮರೆಯುತ್ತಾಳೆ. ಇನ್ನೊಂದು ಸಾಮಾನು ನನ್ನ ಬಾಯಲ್ಲೇ ಇದೆ: 'ಹಾಂ!' ಎಂಬ ಗಿಡ್ಡ ಸದ್ದು. ಹಿಂಗಾಲು ಮಡಚಿ ನೆಲ ಮುಟ್ಟಿದ ಕೂಡಲೇ 'ಹಾಂ', ಆಮೇಲೆ ತಿಂಡಿ. ಚೂರು ಜೇಬಿನಿಂದ ಬಾಯಿಗೆ ತಲುಪುವಷ್ಟರಲ್ಲಿ ಅವಳು ಎದ್ದು, ಮೈ ಕೊಡವಿ, ಕಾಗೆಯನ್ನೂ ನೋಡಿ ಆಗಿರುತ್ತದೆ. ಬಹುಮಾನ ಕೂತದ್ದಕ್ಕೋ ಕಾಗೆ ನೋಡಿದ್ದಕ್ಕೋ, ಪಾಪ, ಹೇಗೆ ತಿಳಿಯಬೇಕು? ಆ ಸದ್ದು ತಿಳಿಸುತ್ತದೆ.

1960ರ ದಶಕದಲ್ಲಿ ಹವಾಯಿಯಲ್ಲಿ ಕ್ಯಾರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದದ್ದೂ ಹೀಗೆಯೇ: ಒಂದು ಸಿಳ್ಳೆ, ಒಂದು ಮೀನು. ಡಾಲ್ಫಿನ್‌ಗೆ ಸರಪಳಿ ಹಾಕಿ ಜಗ್ಗಲಾಗದು, ಗದರಿಸಿದರೆ ಈಜಿ ಆಚೆ ಹೋಗುತ್ತದೆ. 1984ರ 'ಡೋಂಟ್ ಶೂಟ್ ದ ಡಾಗ್' ಪುಸ್ತಕದಲ್ಲಿ ಆಕೆ ಇದನ್ನೆಲ್ಲ ನಾಯಿ ಸಾಕುವವರಿಗೂ ಅರ್ಥವಾಗುವಂತೆ ಬರೆದರು. ಬಯಲಿಗೆ ಬಿಟ್ಟರೆ ನಮ್ಮ ಮಲ್ಲಿಯೂ ಡಾಲ್ಫಿನ್ನೇ. ಓಡಿ ಹಿಡಿಯುವ ಮನುಷ್ಯ ಇನ್ನೂ ಹುಟ್ಟಿಲ್ಲ. ಅವಳಿಗೇ ಬರಬೇಕೆನಿಸಬೇಕು, ಬೇರೆ ದಾರಿಯಿಲ್ಲ.

ಹಾಗಾಗಿ 'ಬಾ' ಎಂಬ ಕರೆಯನ್ನು ನಾನು ಜೋಪಾನ ಮಾಡುತ್ತೇನೆ. ಸ್ನಾನಕ್ಕೆ, ಉಣ್ಣಿ ಕೀಳಲು, ಮಾತ್ರೆ ನುಂಗಿಸಲು ಎಂದೂ 'ಬಾ' ಅನ್ನುವುದಿಲ್ಲ. ಅದಕ್ಕೆಲ್ಲ ನಾನೇ ಎದ್ದು ಹೋಗುತ್ತೇನೆ. ಕರೆಯ ಅಭ್ಯಾಸ ಮೊದಲು ಅಂಗಳದಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿ, ಕೊನೆಗೆ ಬೇಲಿಯಿರುವ ತೋಟದಲ್ಲಿ. ಹೊಸದರಲ್ಲಿ ಬಂದಾಗಲೆಲ್ಲ ತಿಂಡಿ, ಕಲಿತ ಮೇಲೆ ಆಗೊಮ್ಮೆ ಈಗೊಮ್ಮೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದಿದ್ದರೆ ಹುರುಪು ಆರುವುದಿಲ್ಲ ಎಂದು ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳನ್ನಿಟ್ಟುಕೊಂಡು ತೋರಿಸಿದ. ಲಾಟರಿ ಮಾರುವವರಿಗೆ ಅದು ಮೊದಲೇ ಗೊತ್ತಿತ್ತು ಬಿಡಿ.

ಪಕ್ಕದ ಮನೆಯ ಹಿರಿಯರು 'ದಂಡಂ ದಶಗುಣಂ' ಅನ್ನುತ್ತಾರೆ. ಏಟು ಬಿದ್ದ ನಾಯಿ ಸುಮ್ಮನಾಗುವುದು ನಿಜ. ಆದರೆ ಅದು ಚಪ್ಪಲಿ ಕಡಿಯುವುದನ್ನು ಬಿಡುವುದಿಲ್ಲ, ನೀವು ಮನೆಯಲ್ಲಿಲ್ಲದಾಗ ಕಡಿಯುವುದನ್ನು ಕಲಿಯುತ್ತದೆ. ಏಟಿಗೆ ಹೆದರುವ ನಾಯಿ ಹೊಸದೇನನ್ನೂ ಮಾಡಿ ನೋಡುವುದಿಲ್ಲ. ನನಗೋ ರುಚಿಯಿರುವುದೇ ಆ ಮಾಡಿ ನೋಡುವುದರಲ್ಲಿ. ಏನೂ ಹೇಳದೆ ಸುಮ್ಮನೆ ನಿಂತರೆ ಮಲ್ಲಿ ಕೂರುತ್ತಾಳೆ. ಏನೂ ಸಿಗದಿದ್ದರೆ ಮಲಗುತ್ತಾಳೆ. ಒಂದು ಕಾಲೆತ್ತಿ ತಲೆ ಓರೆ ಮಾಡಿ, 'ಇದಾ? ಹಾಗಾದರೆ ಇದಾ?' ಎಂದು ನನ್ನನ್ನೇ ಪರೀಕ್ಷೆಗೆ ಹಚ್ಚುತ್ತಾಳೆ. ಬೇಕಾದ ಚಲನೆ ಮಿಂಚಿ ಮಾಯವಾಗುವ ಮೊದಲೇ 'ಹಾಂ' ಬಿದ್ದರೆ ಇಬ್ಬರಿಗೂ ಖುಷಿ.

ನಿಮ್ಮ ನಾಯಿ ಕರೆದು ಕರೆದು ಸಾಕಾದ ಮೇಲೆ, ಕೆಸರು ಮೆತ್ತಿಕೊಂಡು, ತಡವಾಗಿ ಬಂತೆನ್ನಿ. ದಯವಿಟ್ಟು ಬೈಯಬೇಡಿ. ಬಂತಲ್ಲ, ಅದಕ್ಕೊಂದು ಚೂರು ಕೊಡಿ.